ಜಾಮೀನು ಆಗಿದೆ, ತಮ್ಮ ಮಾತ್ರ ಇನ್ನೂ ಒಳಗೇ ಇದ್ದಾನೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರ ಜೈಲಿಗೆ ಸಂಬಂಧಪಟ್ಟವು. ಜಾಗದ ವ್ಯಾಜ್ಯ, ಪಾಲಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮದು ಶಹಾಪುರ ತಾಲ್ಲೂಕು. ಹೊಲದ ಪಂಪ್‌ಸೆಟ್ ಮೋಟಾರ್ ಕದ್ದ ಕೇಸಿನಲ್ಲಿ ನನ್ನ ತಮ್ಮ ಐದು ತಿಂಗಳಿಂದ ಒಳಗಿದ್ದಾನೆ. ಹಿಂದೆ ಅವನ ಮೇಲೆ ಯಾವ ಕೇಸೂ ಇಲ್ಲ. ಜಾಮೀನು ಆಗಿ ಎರಡು ತಿಂಗಳಾಯಿತು. ಇಬ್ಬರು ಶ್ಯೂರಿಟಿ ಬೇಕಂತೆ. ನಮಗೆ ಹೊಲ ಇಲ್ಲ, ಪುಣೆಗೆ ದುಡಿಯಲು ಹೋಗುವ ಮಂದಿ. ಯಾರನ್ನು ಕೇಳಿದರೂ "ಪಹಣಿ ಕೊಟ್ರ ಹೊಲಾನೇ ಹೋಗ್ತದ" ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಪಹಣಿಯ ಭಯದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಎಷ್ಟೋ ಹುಡುಗರು ಜೈಲಲ್ಲಿ ಕೊಳೆಯುತ್ತಿರುವುದು ಈ ಭಯದಿಂದಲೇ. ಶ್ಯೂರಿಟಿ ಹಾಕಿದ ಕೂಡಲೇ ಹೊಲ ಯಾರ ಪಾಲಿಗೂ ಹೋಗುವುದಿಲ್ಲ. ನಿಮ್ಮ ತಮ್ಮ ತಾರೀಖಿಗೆ ತಪ್ಪದೆ ಬಂದರೆ ಶ್ಯೂರಿಟಿ ಕೊಟ್ಟವರು ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ. ಅವನು ತಪ್ಪಿಸಿಕೊಂಡರೆ ಮಾತ್ರ ಅವರಿಗೆ ನೋಟಿಸ್ ಬರುತ್ತದೆ, ಆಗ ಬಾಂಡಿನ ಹಣ ಕಟ್ಟಬೇಕಾಗಬಹುದು. ಈ ಎರಡೂ ಮಾತನ್ನು ಮುಚ್ಚಿಡದೆ ಸಂಬಂಧಿಕರ ಮುಂದೆ ಹೇಳಿ. ಅರ್ಧ ಹೇಳಿದರೆ ಅವರು ನಂಬುವುದಿಲ್ಲ.

ನಿಮ್ಮ ಸೋದರಮಾವನೋ ದೊಡ್ಡಪ್ಪನೋ ಕಲಬುರಗಿ, ರಾಯಚೂರು ಕಡೆ ಇದ್ದಾರಾ? "ಬೇರೆ ಜಿಲ್ಲೆಯ ಪಹಣಿ ನಡೆಯಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಂಡು ವಾಪಸ್ ಬರಬೇಡಿ. 1978ರಲ್ಲಿ ಮೋತಿ ರಾಮ್ ಅನ್ನುವ ಗಾರೆ ಕೆಲಸದವನಿಗೆ ಹೀಗೇ ಆಗಿತ್ತು. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅದನ್ನೂ ತೆಗೆದುಕೊಳ್ಳಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದು ತಪ್ಪು ಅಂದರು. ಬಡವನ ಹತ್ತಿರ ಅವನ ಕೈಗೆ ಎಟುಕುವಷ್ಟೇ ಕೇಳಬೇಕು ಅಂದರು.

ಶ್ಯೂರಿಟಿ ಸಿಗಲೇ ಇಲ್ಲ ಅಂದರೂ ದಾರಿ ಇದೆ. ಶಹಾಪುರ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಅಲ್ಲಿ ಅರ್ಜಿ ಕೊಡಿ. ಜೈಲಲ್ಲಿರುವ ಯಾರಿಗೇ ಆಗಲಿ, ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ಆದಾಯದ ಸರ್ಟಿಫಿಕೇಟ್ ಬೇಕಿಲ್ಲ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ವಕೀಲರು ಎರಡು ಕೆಲಸ ಮಾಡಬೇಕು. ಒಂದು, ಷರತ್ತು ಸಡಿಲಿಸಲು ಅದೇ ಕೋರ್ಟಿಗೆ ಅರ್ಜಿ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಜಾಮೀನು ಆಗಿ ಏಳು ದಿನದಲ್ಲಿ ಕೈದಿ ಹೊರಗೆ ಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಬರದಿದ್ದರೆ ಷರತ್ತು ಸಡಿಲಿಸಬಹುದಾ ಅಂತ ಕೋರ್ಟ್ ತಾನಾಗಿಯೇ ನೋಡಬಹುದು. ನಿಮ್ಮದು ಎರಡು ತಿಂಗಳು ದಾಟಿದೆ. ಇನ್ನೊಂದು, ಬಡ ಕೈದಿಗಳಿಗೆ ನೆರವು ಕೊಡುವ ಕೇಂದ್ರದ ಯೋಜನೆ. 2023ರಲ್ಲಿ ಶುರುವಾದಾಗ ಜಾಮೀನಿಗೆ 40,000 ರೂಪಾಯಿವರೆಗೆ ಕೊಡಬಹುದು ಅಂತಿತ್ತು. ಜಿಲ್ಲೆಯಲ್ಲಿ ಇದಕ್ಕೊಂದು ಸಮಿತಿಯೇ ಇದೆ. ಅಲ್ಲಿ ಕೇಳಿ, ಕೇಳುವವರೇ ಕಡಿಮೆ.

ಹೊಸ ಕಾನೂನಿನ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, 479ನೇ ಕಲಂ ಬಗ್ಗೆ ಯಾರೋ ನಿಮಗೆ ಹೇಳಿರಬಹುದು. ಮೊದಲ ಸಲ ಸಿಕ್ಕವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬರೀ ಬಾಂಡಿನ ಮೇಲೆ ಬಿಡಬೇಕು ಅನ್ನುವುದು ನಿಜ. ಇಂಥ ಸಾದಾ ಕಳವಿಗೆ ಗರಿಷ್ಠ ಮೂರು ವರ್ಷ, ಅಂದರೆ ಒಂದು ವರ್ಷ ಆಗಬೇಕು. ಇನ್ನೂ ಏಳು ತಿಂಗಳು. ಅಲ್ಲಿವರೆಗೆ ಕಾಯುತ್ತ ಕೂರಬೇಡಿ.

ನಿಮ್ಮ ಪತ್ರ ಓದಿದಾಗ ಒಬ್ಬ ಹುಡುಗ ನೆನಪಾದ. ಒಂದು ಮೇ ತಿಂಗಳು ಕಾನೂನು ನೆರವಿನ ಕೆಲಸಕ್ಕೆ ನಮ್ಮ ಭಾಗದ ಜೈಲೊಂದಕ್ಕೆ ಹೋಗಿದ್ದೆ. ಬ್ಯಾರಕ್ಕಿನ ಗೋಡೆ ಮುಟ್ಟಿದರೆ ಕೈ ಸುಡುವಂಥ ಬಿಸಿಲು. ಅವನು ಬಿಸ್ಕೆಟ್ ಪ್ಯಾಕೆಟಿನ ಕವರಿನಿಂದ ಒಂದು ಕಾಗದ ತೆಗೆದ. ನಾಲ್ಕು ಮಡಿಕೆ, ಮಡಿಕೆ ಬಿದ್ದಲ್ಲೆಲ್ಲ ಹರಿದಿತ್ತು. ಅದು ಅವನ ಜಾಮೀನಿನ ಆದೇಶ. ಅವನಿಗೆ ಓದಲು ಬರುತ್ತಿರಲಿಲ್ಲ, ಬ್ಯಾರಕ್ಕಿಗೆ ಹೊಸಬರು ಬಂದಾಗೆಲ್ಲ ಅವರಿಂದ ಓದಿಸಿ ಕೇಳುತ್ತಿದ್ದನಂತೆ. ನಾನೂ ಓದಿದೆ. "ಬಿಡ್ರಿ ಅಂತ ಬರ್ದಾರಲ್ಲ ಸರ್?" ಅಂದ. ಹೌದು, ಹಾಗೇ ಬರೆದಿತ್ತು.

ಪ್ರಶ್ನೆ: ತಪ್ಪು ಮಾಡಿ ಹೋದವರಿಗೆ ನಮ್ಮ ತೆರಿಗೆ ದುಡ್ಡಲ್ಲಿ ಊಟ, ಟಿವಿ, ಕೂಲಿ ಬೇರೆ. ಜೈಲು ಕಷ್ಟ ಇದ್ದರೆ ತಾನೇ ಜನ ಹೆದರುವುದು? ಸುಮ್ನೆ ಕೂರಿಸದೆ ಮೈ ಮುರಿಯುವ ಕೆಲಸ ಹಚ್ಚಬೇಕು. (ಬಸವಕಲ್ಯಾಣದ ಓದುಗರು)

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಕಳವಾದವರಿಗೆ, ಮಗನನ್ನು ಕಳೆದುಕೊಂಡವರಿಗೆ ಆ ಸಿಟ್ಟು ಇರಲೇಬೇಕು. ಆದರೆ ಒಳಗಿರುವವರು ಯಾರು ಅಂತ ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 4,36,266 ಜನಕ್ಕೆ ಜಾಗ ಇತ್ತು, ಇದ್ದವರು 5,73,220. ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅವರು ತಪ್ಪು ಮಾಡಿದ್ದಾರೆ ಅಂತ ಯಾವ ಕೋರ್ಟೂ ಇನ್ನೂ ಹೇಳಿರಲಿಲ್ಲ. ಅವರಿಂದಲೇ ದೇಶದ ಜೈಲೆಲ್ಲ ಹೆಚ್ಚುಕಡಿಮೆ ಭರ್ತಿ ಆಗಿತ್ತು! ಶಿಕ್ಷೆ ಆದವರು ಆಮೇಲೆ ಬರುವ ಲೆಕ್ಕ. ನಿಮ್ಮ ತೆರಿಗೆ ದುಡ್ಡು ಉಳಿಯಬೇಕಾದರೆ ಮೇಲಿನ ಪತ್ರದ ಹುಡುಗನಂಥವರು ಮನೆಗೆ ಹೋಗಬೇಕು, ಅಲ್ವಾ?

ವಿಚಾರಣಾಧೀನ ಕೈದಿಗೆ ಬಲವಂತವಾಗಿ ಕೆಲಸ ಹಚ್ಚುವಂತಿಲ್ಲ. ಶಿಕ್ಷೆಯಾದವರು ಕೆಲಸ ಮಾಡುತ್ತಾರೆ, ಅದಕ್ಕೆ ಕೂಲಿ ಕೊಡುವುದು ದಾನವಲ್ಲ. ಆ ಹಣ ಮನೆಗೆ, ಮಕ್ಕಳಿಗೆ ಹೋಗುತ್ತದೆ. ಇನ್ನು ಮೈ ಮುರಿಯುವ ಕೆಲಸದ ಮಾತು. ಎಷ್ಟೋ ರಾಜ್ಯಗಳ ಜೈಲುಗಳಲ್ಲಿ ಅಡುಗೆ ಯಾರು ಮಾಡಬೇಕು, ಕಕ್ಕಸು ಯಾರು ತೊಳೆಯಬೇಕು ಅನ್ನುವುದು ಜಾತಿ ನೋಡಿ ನಡೆಯುತ್ತಿತ್ತು, ನಿಯಮದ ಪುಸ್ತಕದಲ್ಲೇ ಬರೆದಿತ್ತು. ಅದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ರಂದು, ಅಂದರೆ ಮೊನ್ನೆ ಮೊನ್ನೆ. ಕಾಯಕದಲ್ಲಿ ಮೇಲು ಕೀಳು ಇಲ್ಲ ಅಂತ ಎಂಟುನೂರು ವರ್ಷಕ್ಕೂ ಹಿಂದೆ ಹೇಳಿದ ಊರಿನವರು ನೀವು. ನಿಮಗೆ ಇದರ ನೋವು ನನಗಿಂತ ಚೆನ್ನಾಗಿ ತಿಳಿಯುತ್ತದೆ.

ಪ್ರಶ್ನೆ: ಯಜಮಾನರು ನಾಲ್ಕು ವರ್ಷ ಶಿಕ್ಷೆ ಮುಗಿಸಿ ಬಂದಿದ್ದಾರೆ. ಒಳಗೆ ಹೊಲಿಗೆ ಕಲಿತಿದ್ದಾರೆ. ಯಾರೂ ಕೆಲಸ ಕೊಡುತ್ತಿಲ್ಲ. ಬೆಳಗಿನ ಜಾವ ಎದ್ದು ಬಾಗಿಲ ಹತ್ತಿರ ಸುಮ್ನೆ ನಿಂತಿರುತ್ತಾರೆ. ಕೇಳಿದರೆ "ಎಣಿಸೋಕೆ ಬರ್ತಾರ" ಅಂತಾರೆ. (ಆಳಂದ ತಾಲ್ಲೂಕಿನ ಓದುಗರು)

ಉತ್ತರ: ಅಮ್ಮಾ, ಮೊದಲು ಆ ಬಾಗಿಲ ವಿಷಯ. ನಾಲ್ಕು ವರ್ಷ ದಿನಾ ಎಣಿಕೆಗೆ ನಿಂತ ಕಾಲು ಒಂದೇ ತಿಂಗಳಿಗೆ ಮರೆಯುವುದಿಲ್ಲ. ಬೈಯಬೇಡಿ, ಮಕ್ಕಳು ನಗದಂತೆ ನೋಡಿಕೊಳ್ಳಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೆಲಸಕ್ಕೆ ಬೇರೆಯವರ ಅಂಗಡಿ ಮೆಟ್ಟಿಲು ಹತ್ತುವುದಕ್ಕಿಂತ ಮನೆಯಲ್ಲೇ ಮಿಷನ್ ಹಾಕುವುದು ಒಳ್ಳೆಯದು ಅನ್ನಿಸುತ್ತದೆ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಸಾಮಾನಿಗೆ 15,000 ರೂಪಾಯಿ ನೆರವು ಅಂತ ಇಟ್ಟಿದ್ದಾರೆ. ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಹತ್ತಿರದ ಸೇವಾ ಕೇಂದ್ರದಲ್ಲಿ ಕೇಳಿ. ನೀವು ಮಹಿಳಾ ಸಂಘದಲ್ಲಿದ್ದರೆ ಅಲ್ಲೂ ಸಾಲ ಕೇಳಿ. ಶಾಲೆ ಶುರುವಾಗುವ ಮುಂಚೆ ಓಣಿಯ ನಾಲ್ಕು ಮಕ್ಕಳ ಯೂನಿಫಾರ್ಮ್ ಹೊಲಿದು ಕೊಡಲಿ. ಬಟ್ಟೆ ಚೆನ್ನಾಗಿದ್ದರೆ ಹೊಲಿದವರ ಹಳೆ ಕಥೆ ಕೇಳುವವರು ಕಡಿಮೆ ಆಗುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಒಳಗೆ ದುಡಿದ ಕೂಲಿ ಪೂರ್ತಿ ಬಂದಿದೆಯಾ ನೋಡಿ. ಹೊಲಿಗೆ ಕಲಿತ ಸರ್ಟಿಫಿಕೇಟ್ ತಂದಿಲ್ಲ ಅಂದರೆ ಜೈಲಿನ ಅಧೀಕ್ಷಕರಿಗೆ ಅರ್ಜಿ ಬರೆದು ಕೇಳಿ. ಅರ್ಜಿಯಲ್ಲಿ ಅವರ ಹೆಸರಿನ ಜೊತೆ ಕೈದಿ ನಂಬರನ್ನೂ ಹಾಕಿ, ಬೇಗ ಹುಡುಕಿ ಕೊಡುತ್ತಾರೆ.