ತೀರ್ಥಹಳ್ಳಿ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಮಗಳನ್ನು ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ಗೆ ಹೇಗೆ ತಯಾರು ಮಾಡಲಿ?

ವ್ಯಾಕರಣದಲ್ಲಿ ನಮ್ಮ ಮಕ್ಕಳಿಗೆ ತುಂಬಾ ಕಷ್ಟ ಅನ್ನಿಸುವುದು ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಹೇಳಿದ್ದನ್ನು ನಾವು ಇನ್ನೊಬ್ಬರಿಗೆ ಹೇಳುವ ರೀತಿ. ಅದಕ್ಕೆ ಕಾರಣವೂ ಇದೆ. ಕನ್ನಡದಲ್ಲಿ ‘ನಾಳೆ ಬರ್ತೀನಿ ಅಂತ ರವಿ ಹೇಳಿದ’ ಅಂದರೆ ಮುಗಿಯಿತು, ಅವನ ಮಾತು ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ಐ’ ಹೋಗಿ ‘ಹಿ’ ಬರುತ್ತದೆ, ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’. ಈ ಬದಲಾವಣೆಗಳನ್ನು ಮನೆಯ ಮಾತುಗಳ ಮೇಲೇ ಅಭ್ಯಾಸ ಮಾಡಿಸಿ. ಅಜ್ಜಿ ಹೇಳಿದ್ದು, ಬಸ್ ಕಂಡಕ್ಟರ್ ಹೇಳಿದ್ದು, ಎಲ್ಲವೂ ಆಗುತ್ತದೆ.

ಪದಗಳ ಪಟ್ಟಿಯನ್ನು ಸುಮ್ನೆ ಉರು ಹೊಡೆಸಬೇಡಿ, ಪಾಪ. ಸಕ್ರೆಬೈಲಿನ ಆನೆ, ಅಡಿಕೆ ಕೊಯ್ಲು, ಹೀಗೆ ಕಣ್ಣಾರೆ ಕಂಡದ್ದರ ಬಗ್ಗೆ ದಿನಾ ನಾಲ್ಕು ವಾಕ್ಯ ಬರೆಯಲಿ.

ಓದುವಾಗ ಗೊತ್ತಿಲ್ಲದ ಪದ ಬಂದರೆ ನಿಲ್ಲುವುದು ಬೇಡ. ವಾಕ್ಯ ಪೂರ್ತಿ ಓದಿ ಅರ್ಥ ಊಹಿಸಲಿ, ಆಮೇಲೆ ಡಿಕ್ಷನರಿ ನೋಡಲಿ.

ದ್ವಿತೀಯ ಭಾಷೆಯಾದ ಇಂಗ್ಲಿಷಿನ ಲಿಖಿತ ಪರೀಕ್ಷೆ 80 ಅಂಕದ್ದು. ಮಾದರಿ ಪ್ರಶ್ನೆಪತ್ರಿಕೆಗಳು ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುತ್ತವೆ. ಮಳೆ ಜೋರಾದರೆ ಕರೆಂಟ್, ನೆಟ್ ಎರಡನ್ನೂ ನಂಬೋ ಹಾಗಿಲ್ಲ ಅಲ್ವಾ, ಮೊದಲೇ ಪ್ರಿಂಟ್ ತೆಗೆಸಿಡಿ.