ಚಳಿಗಾಲದಲ್ಲಿ ತಲೆ ತುರಿಕೆ, ಒಡೆದ ಚರ್ಮ: ದಿನಾ ಎಣ್ಣೆ ಹಚ್ಚಿದರೂ ಯಾಕೆ ಕಡಿಮೆಯಾಗುತ್ತಿಲ್ಲ?

ನೀವು ವಿಜಯಪುರದವರು. ಡಿಸೆಂಬರ್ ಹಿಡಿದಾಗಿನಿಂದ ತಲೆ ವಿಪರೀತ ತುರಿಸುತ್ತದೆ, ಭುಜದ ಮೇಲೆ ಹೊಟ್ಟು ಉದುರುತ್ತದೆ, ಮೊಣಕಾಲಿನಿಂದ ಕೆಳಗೆ ಚರ್ಮ ಬೆಳ್ಳಗೆ ಬಿರಿದಿದೆ, ದಿನಾ ರಾತ್ರಿ ಕೊಬ್ಬರಿ ಎಣ್ಣೆ ತಿಕ್ಕಿದರೂ ಗುಣ ಕಾಣುತ್ತಿಲ್ಲ ಎಂದು ಬರೆದಿದ್ದೀರಿ. ಎಣ್ಣೆ ಸಾಲದೆ ಹೀಗಾಗುತ್ತಿಲ್ಲ, ಹಚ್ಚುವ ಹೊತ್ತು ತಪ್ಪಿದೆ. ಎಣ್ಣೆಯಲ್ಲಿ ನೀರಿಲ್ಲ. ಚರ್ಮದೊಳಗಿನ ನೀರು ಆರಿಹೋಗದಂತೆ ಮುಚ್ಚಿಡುವುದಷ್ಟೇ ಅದರ ಕೆಲಸ. ದಿನವಿಡೀ ಆರಿದ ಚರ್ಮಕ್ಕೆ ಮಲಗುವ ಮುಂಚೆ ಹಚ್ಚಿದರೆ ಅದಕ್ಕೆ ಮುಚ್ಚಿಡಲು ಏನೂ ಉಳಿದಿರುವುದಿಲ್ಲ.

ಯಾವುದೇ ಮದ್ದಿಗಿಂತ ಮೊದಲು ತಲೆಯ ಹೊಟ್ಟನ್ನು ಬೆರಳಲ್ಲಿ ತೆಗೆದು ನೋಡಿ. ಸಣ್ಣಗೆ, ಬೆಳ್ಳಗೆ, ಪುಡಿಯಾಗಿ ಉದುರುತ್ತಿದ್ದು ಕೈಕಾಲಿನ ಚರ್ಮವೂ ಒಣಗಿದ್ದರೆ ಅದು ಒಣ ನೆತ್ತಿ. ದಪ್ಪಗೆ, ಹಳದಿ ಛಾಯೆಯಲ್ಲಿ, ಬೆರಳಿಗೆ ಜಿಡ್ಡಾಗಿ ಅಂಟಿದರೆ, ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲಿ, ಕಿವಿಯ ಹಿಂದೆಯೂ ಸಿಪ್ಪೆ ಎದ್ದಿದ್ದರೆ ಅದು ನಿಜವಾದ ತಲೆಹೊಟ್ಟು. ಅದರ ಹಿಂದಿರುವುದು ಮಲಸೀಜಿಯಾ ಎಂಬ ಯೀಸ್ಟ್. ಎಲ್ಲರ ನೆತ್ತಿಯಲ್ಲೂ ಇರುವ ಜೀವಿಯೇ, ಆದರೆ ಜಿಡ್ಡೇ ಅದರ ಆಹಾರ. ರಾತ್ರಿಯಿಡೀ ತಲೆಯಲ್ಲಿ ಎಣ್ಣೆ ಬಿಡುವುದೆಂದರೆ ಅದಕ್ಕೆ ಎಲೆ ಹಾಕಿ ಊಟ ಬಡಿಸಿದ ಹಾಗೆ. ಈ ಬಗೆಯದ್ದಾದರೆ ಮನೆಮದ್ದು ಹುಡುಕುತ್ತಾ ಚಳಿಗಾಲ ಕಳೆಯಬೇಡಿ. ಎಣ್ಣೆ ನಿಲ್ಲಿಸಿ, 2% ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ 2 ಸಲ ನೆತ್ತಿಗೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಿರಿ. 4 ವಾರ ಮಾಡಿ. ಕೂದಲಿಗೆ ಮಾತ್ರ ಹಚ್ಚಿ ಕೂಡಲೇ ನೀರು ಹಾಕಿಕೊಂಡರೆ ಅದು ಕೆಲಸ ಮಾಡುವುದಿಲ್ಲ.

ಕಾಲಿನ ಚರ್ಮವೂ ಬಿರಿದಿದೆ ಎಂದಿರುವುದರಿಂದ ನಿಮ್ಮದು ಮೊದಲನೆಯ ಬಗೆ ಇರುವ ಸಾಧ್ಯತೆ ಹೆಚ್ಚು. ಮುಂದಿನದೆಲ್ಲ ಅದಕ್ಕೇ.

ಮುಕ್ಕಾಲು ಪಾಲು ಗುಣ ಸ್ನಾನದ ಮನೆಯಲ್ಲೇ ಆಗಬೇಕು. ಬಯಲುಸೀಮೆಯ ಚಳಿಗಾಲದಲ್ಲಿ ಗಾಳಿಯಲ್ಲಿ ತೇವ ಕಡಿಮೆ, ಅದು ಚರ್ಮದಿಂದ ನೀರು ಎಳೆದುಕೊಳ್ಳುತ್ತದೆ. ಅದರ ಜೊತೆಗೆ ಹಂಡೆಯ ಸುಡುನೀರು ಬಿದ್ದರೆ ಚರ್ಮದ ಸ್ವಂತ ಜಿಡ್ಡೂ ಕರಗಿ ಹೋಗುತ್ತದೆ. ಮೊಣಕೈ ಅದ್ದಿದಾಗ ಬೆಚ್ಚಗೆನಿಸುವ ನೀರು ಸಾಕು, 10 ನಿಮಿಷದೊಳಗೆ ಮುಗಿಸಿ. ಮೈಸೋಪು ಬಹುಪಾಲು ಕ್ಷಾರ, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರಿಂದ 10. ಚರ್ಮದ್ದು 5ರ ಆಸುಪಾಸು. ಹಾಗಾಗಿ ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ ಇರಲಿ. ಕಾಲಿಗೂ ತೋಳಿಗೂ ಬರೀ ನೀರು ಸಾಕು. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೊಂದು ತೊಂದರೆ: ಅದರ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಬಿಳಿ ಕೆನೆಯಾಗಿ ಚರ್ಮಕ್ಕೂ ನೆತ್ತಿಗೂ ಅಂಟಿ ಕೂರುತ್ತದೆ, ಅದೇ ನೀರು ಎಷ್ಟು ಹಾಕಿದರೂ ಸುಲಭವಾಗಿ ಹೋಗುವುದಿಲ್ಲ. ತಲೆಗೆ ಸೋಪು ಬೇಡವೇ ಬೇಡ. ಕೊನೆಯ ಒಂದು ಲೀಟರ್ ಮಾತ್ರ ಕುಡಿಯುವ ಆರ್‌ಒ ಫಿಲ್ಟರ್ ನೀರಾದರೂ ವ್ಯತ್ಯಾಸ ಗೊತ್ತಾಗುತ್ತದೆ.

ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ. ಚರ್ಮ ಇನ್ನೂ ಪಸೆಯಾಗಿರುವಾಗಲೇ, ಸುಮಾರು 3 ನಿಮಿಷದೊಳಗೆ, ಎಣ್ಣೆ ಹಚ್ಚಿ. ಮೊಣಕಾಲಿನ ಕೆಳಗಿನ ಎರಡೂ ಕಾಲಿಗೆ ಒಂದು ಸಣ್ಣ ಚಮಚ ಸಾಕು. ಹೆಚ್ಚಾದದ್ದು ಪಂಚೆಗೆ, ಹಾಸಿಗೆಗೆ ಹೋಗುತ್ತದೆ ಅಷ್ಟೆ. ಹೀಗೆ ಹೊತ್ತು ಬದಲಿಸಿದರೆ ಕೊಬ್ಬರಿ ಎಣ್ಣೆಯೇ ನಡೆಯುತ್ತದೆ. ಆದರೂ ನಿಮ್ಮ ಕಡೆಯ ಗಾಣದ ಕುಸುಬಿ ಎಣ್ಣೆ ಮೈಗೆ ಹಚ್ಚಿ ನೋಡಿ ಎನ್ನುತ್ತೇನೆ. ಅಡುಗೆಗೆ ಬಳಸುವ ಕುಸುಬಿಯೇ. ಅದರಲ್ಲಿ ಲಿನೋಲಿಯಿಕ್ ಆಮ್ಲ ಬಹಳ, ಚರ್ಮ ತನ್ನ ತಡೆಗೋಡೆ ಕಟ್ಟಿಕೊಳ್ಳಲು ಬಳಸುವ ಕೊಬ್ಬು ಅದೇ. ಬೇಗ ಕಮಟುವುದರಿಂದ 200 ಮಿ.ಲೀ.ಗಿಂತ ಹೆಚ್ಚು ತರಬೇಡಿ, ಬಿಸಿಲು ಬೀಳದ ಕಡೆ ಇಡಿ, ಕಮಟು ವಾಸನೆ ಬಂದರೆ ಚೆಲ್ಲಿ. ಆಲಿವ್ ಎಣ್ಣೆ ದುಬಾರಿ, ಆದರೆ ಅದರಲ್ಲಿ ಹೆಚ್ಚಿರುವ ಒಲಿಯಿಕ್ ಆಮ್ಲ ಒಣ ಚರ್ಮದ ಗೋಡೆಯನ್ನು ಸಡಿಲ ಮಾಡುತ್ತದೆ. ಸಾಸಿವೆ ಎಣ್ಣೆ ಬಿರಿದ ಚರ್ಮಕ್ಕೆ ಉರಿ.

ಬಿರುಕು ಬಿಟ್ಟ ಜಾಗಕ್ಕೆ ರಾತ್ರಿ ಪೆಟ್ರೋಲಿಯಂ ಜೆಲ್ಲಿಯ ತೆಳು ಪದರ ಹಚ್ಚಿ. ಗ್ಲಿಸರಿನ್ ಬಳಸುವುದಾದರೆ 1 ಪಾಲಿಗೆ 4 ಪಾಲು ನೀರು ಸೇರಿಸಿ ಹಚ್ಚಿ, ಅದರ ಮೇಲೆ ಎಣ್ಣೆ. ನೀರು ಬೆರೆಸದೆ ಹಚ್ಚಿದರೆ, ಗಾಳಿಯಲ್ಲಿ ತೇವ ಸಿಗದೆ ಅದು ಚರ್ಮದೊಳಗಿನ ನೀರನ್ನೇ ಎಳೆಯುತ್ತದೆ. ಹಿಮ್ಮಡಿಗೆ ಮಲೆನಾಡು, ಕರಾವಳಿಯ ಮುರುಗಲ (ಕೋಕಂ) ತುಪ್ಪ ಬಹಳ ಒಳ್ಳೆಯದು. ಗಟ್ಟಿ ಉಂಡೆಯಾಗಿ ಬರುತ್ತದೆ, ಮೈ ಬಿಸಿಗೆ ಪೂರ್ತಿ ಕರಗುವುದಿಲ್ಲ. ಕಡಲೆಕಾಳಿನಷ್ಟು ಚೂರನ್ನು ಚಮಚದಲ್ಲಿ ಬಿಸಿ ಮಾಡಿ, ಉಗುರುಬೆಚ್ಚಗಾದ ಮೇಲೆ, 10 ನಿಮಿಷ ನೀರಲ್ಲಿ ನೆನೆಸಿ ಒರೆಸಿದ ಹಿಮ್ಮಡಿಗೆ ತುಂಬಿ, ಹತ್ತಿ ಕಾಲುಚೀಲ ಹಾಕಿ ಮಲಗಿ.

ತಲೆಗೆ ಬರೋಣ. ಸ್ನಾನಕ್ಕೆ ಒಂದು ಗಂಟೆ ಮುಂಚೆ 2 ಸಣ್ಣ ಚಮಚ ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಬಟ್ಟಲನ್ನು ಬಿಸಿನೀರಲ್ಲಿಟ್ಟು ಕರಗಿಸಿ. ಬೈತಲೆ ತೆಗೆಯುತ್ತಾ ನೆತ್ತಿಗೆ ತಾಗುವಂತೆ ಬೆರಳ ತುದಿಯಿಂದ ಹಚ್ಚಿ, ಉಗುರು ತಾಗಿಸಬೇಡಿ. ತೊಳೆಯಲು 15–20 ದಾಸವಾಳದ ಎಲೆಗಳನ್ನು ತೊಳೆದು, ಒಂದು ಲೋಟ ನೀರಲ್ಲಿ ಲೋಳೆ ಬರುವ ತನಕ ಕಿವುಚಿ, ಬಟ್ಟೆಯಲ್ಲಿ ಸೋಸಿ. ಎಣ್ಣೆ ಉಳಿದರೆ ಸೌಮ್ಯ ಶಾಂಪೂ ಸ್ವಲ್ಪ ಬಳಸಿ. ಎಲೆ ಸಿಗದಿದ್ದರೆ 2 ದೊಡ್ಡ ಚಮಚ ಮೆಂತ್ಯವನ್ನು ರಾತ್ರಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, 20 ನಿಮಿಷ ಹಚ್ಚಿ ತೊಳೆಯಬಹುದು. ಸೋಸದೆ ಹಚ್ಚಿದ ಮೆಂತ್ಯದ ತರಿ ಕೂದಲಲ್ಲೇ ಒಣಗಿ ಹೊಟ್ಟಿನಂತೆ ಉದುರುತ್ತದೆ, ಮದ್ದಿನಿಂದ ಹೊಟ್ಟು ಹೆಚ್ಚಾಯಿತು ಎಂದುಕೊಂಡು ಬಿಟ್ಟುಬಿಡಬೇಡಿ. ಲೋಳೆಸರ ಹಚ್ಚುವುದಾದರೆ, ಅದರ ಎಲೆ ಕತ್ತರಿಸಿದಾಗ ಮೊದಲು ಒಸರುವ ಹಳದಿ ಹಾಲು ಚರ್ಮಕ್ಕೆ ಕಡಿತ ತರುತ್ತದೆ. ಎಲೆಯನ್ನು 15 ನಿಮಿಷ ನಿಲ್ಲಿಸಿ ಅದನ್ನು ಸೋರಲು ಬಿಟ್ಟು, ತೊಳೆದು, ಆಮೇಲೆ ತಿರುಳು ತೆಗೆಯಿರಿ. ಯಾವುದನ್ನೇ ಆಗಲಿ ಮೊದಲು ಮೊಣಕೈ ಒಳಗಡೆ ಹಚ್ಚಿ ಒಂದು ದಿನ ನೋಡಿ. ತಲೆಸ್ನಾನ ವಾರಕ್ಕೆ 2 ಸಲ ಸಾಕು.

ನಿಂಬೆರಸ, ಅಡುಗೆ ಸೋಡಾ, ಈರುಳ್ಳಿ ರಸ, ಎಣ್ಣೆಗೆ ಕರ್ಪೂರ, ಇವು ನಾಲ್ಕೂ ಬೇಡ. ತುರಿಸಿ ಗಾಯವಾದ ನೆತ್ತಿಗೆ ನಿಂಬೆ ಸುಡುತ್ತದೆ. ಆ ರಸ ಮೈಮೇಲಿದ್ದು ಬಿಸಿಲಿಗೆ ಹೋದರೆ ಕಪ್ಪು ಕಲೆ ಉಳಿಯುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಕರ್ಪೂರ ಬೆರೆಸಿದ ಎಣ್ಣೆ ಇಡಲೇಬಾರದು, ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು.

ಇಷ್ಟನ್ನು ಬಿಡದೆ ಮಾಡಿದರೆ 2 ವಾರದಲ್ಲಿ ತುರಿಕೆ ತಗ್ಗಬೇಕು. ತಗ್ಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ರಾತ್ರಿ ಹೊತ್ತು ತುರಿಕೆ ಹೆಚ್ಚಾಗಿ, ಮನೆಯ ಇತರರಿಗೂ ಶುರುವಾಗಿದ್ದರೆ ಅದು ಕಜ್ಜಿಯಿರಬಹುದು, ಅದಕ್ಕೆ ಎಲ್ಲರೂ ಒಟ್ಟಿಗೆ ಮದ್ದು ಮಾಡಬೇಕು. ಗುಳ್ಳೆಗಳಿಲ್ಲದೆ ಮೈಯೆಲ್ಲ ತುರಿಸುವ ವಯಸ್ಸಾದವರಿಗೆ ಸಕ್ಕರೆ, ಥೈರಾಯ್ಡ್, ರಕ್ತಹೀನತೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಮೆಡಿಕಲ್ ಶಾಪಿನಲ್ಲಿ ತುರಿಕೆಗೆಂದು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಮಾತ್ರ ನೀವಾಗಿಯೇ ಹಚ್ಚಬೇಡಿ. 2 ದಿನ ಆರಾಮ ಕೊಟ್ಟು ಚರ್ಮವನ್ನು ತೆಳುವಾಗಿಸುತ್ತದೆ, ಹುಳುಕಡ್ಡಿ ಇದ್ದರೆ ಹರಡಿಸುತ್ತದೆ.