ಇಸಿಜಿ ನಾರ್ಮಲ್ ಇದ್ದರೂ ಎಕೋ, ಹೋಲ್ಟರ್ ಯಾಕೆ?

ಹೊಸನಗರದಲ್ಲಿರುವ ನಿಮ್ಮ ತಂದೆಗೆ ಆಗಾಗ ಎದೆ ಢವಢವ ಅನ್ನುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಇಸಿಜಿ ನಾರ್ಮಲ್ ಇದ್ದರೂ ಡಾಕ್ಟ್ರು ಎಕೋ, ಹೋಲ್ಟರ್ ಬರೆದಿದ್ದಾರೆ, ಇದೆಲ್ಲ ಸುಮ್ನೆ ಖರ್ಚಾ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಇಸಿಜಿ ಟೆಕ್ನಿಷಿಯನ್. ಖಂಡಿತ ಸುಮ್ನೆ ಅಲ್ಲ. ದಯವಿಟ್ಟು ಮಾಡಿಸಿ.

ಮಾಮೂಲಿ ಇಸಿಜಿಯಲ್ಲಿ ಸಿಗುವುದು ಸುಮಾರು 10 ಸೆಕೆಂಡಿನ ಬಡಿತ ಮಾತ್ರ. ಮಳೆಗಾಲದಲ್ಲಿ ಹೋಗಿ ಬಂದು ಮಾಡುವ ಕರೆಂಟನ್ನು, ಕರೆಂಟ್ ಇದ್ದಾಗಲೇ ಲೈನ್‌ಮನ್ ಬಂದು ನೋಡಿ ಹೋದ ಹಾಗೆ. ಏಟ್ರಿಯಲ್ ಫಿಬ್ರಿಲೇಷನ್ ಅಂತ ಒಂದಿದೆ, ಬಡಿತದ ಲಯ ತಪ್ಪುವುದು. ಕೆಲವರಿಗೆ ಅದು ಬಂದು ತಾನೇ ಹೋಗುತ್ತದೆ. ಗೊತ್ತಾಗದೆ ಉಳಿದರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಸ್ಟ್ರೋಕ್ ಆಗಬಹುದು. ಇನ್ನು ಕೆಲವರಿಗೆ ಬಡಿತ ಕೆಲವು ಸೆಕೆಂಡು ನಿಂತೇ ಹೋಗಿ ಕಣ್ಣು ಕತ್ತಲೆ ಬರುತ್ತದೆ. ಅವರಿಗೆ ಪೇಸ್‌ಮೇಕರ್, ಅಂದರೆ ಬಡಿತ ನಿಲ್ಲದಂತೆ ಕಾಯುವ ಸಣ್ಣ ಯಂತ್ರ, ಬೇಕಾಗಬಹುದು.

ಹೋಲ್ಟರ್ ಅಂದರೆ ಎದೆಗೆ ಪಟ್ಟಿ ಅಂಟಿಸಿ, ಹಾಕಿಕೊಂಡೇ ಓಡಾಡುವ ಸಣ್ಣ ಇಸಿಜಿ ಮೆಷಿನ್. ಅದು 24 ಗಂಟೆ ಮೈಮೇಲಿದ್ದರೆ ಸುಮಾರು ಒಂದು ಲಕ್ಷ ಬಡಿತ ದಾಖಲಾಗುತ್ತದೆ. ಜಾಸ್ತಿ ಜನ ಅದನ್ನು ಹಾಕಿಕೊಂಡು ಮನೆಯಲ್ಲಿ ಮಲಗಿಬಿಡುತ್ತಾರೆ. ಹಾಗೆ ಮಾಡಬಾರದು. ಡಾಕ್ಟ್ರು ಬೇಡ ಅಂದಿಲ್ಲದಿದ್ದರೆ ತೋಟಕ್ಕೆ ಹೋಗಲಿ, ದರೆ ಹತ್ತಲಿ, ಕೊಟ್ಟಿಗೆ ಕೆಲಸ ಮಾಡಲಿ. ಯಾವಾಗ ಢವಢವ ಅಂದಿತು, ಆಗ ಏನು ಮಾಡುತ್ತಿದ್ದರು ಅಂತ ಗಡಿಯಾರ ನೋಡಿ ಬರೆದಿಡಿ. ನಾವು ಆ ಹೊತ್ತಿನ ಗೆರೆಯನ್ನೇ ಹುಡುಕಿ ನೋಡುತ್ತೇವೆ. ಆ ಚೀಟಿ ಇಲ್ಲದಿದ್ದರೆ ಅರ್ಧ ಉಪಯೋಗ ಹೋಯಿತು. ಬರುವ ದಿನ ಎದೆಗೆ ಎಣ್ಣೆ, ಮುಲಾಮು ಬೇಡ, ಪಟ್ಟಿ ಅಂಟುವುದಿಲ್ಲ. ಸ್ನಾನ ಮೊದಲೇ ಮುಗಿಸಿರಲಿ. ತೊಂದರೆ ವಾರಕ್ಕೋ ತಿಂಗಳಿಗೋ ಒಮ್ಮೆ ಬರುವುದಾದರೆ ಅದನ್ನೂ ಡಾಕ್ಟ್ರಿಗೆ ಹೇಳಿ. ಹೆಚ್ಚು ದಿನ ಹಾಕುವ ಮೆಷಿನ್‌ಗಳೂ ಇವೆ.

ಎಕೋ ಅಂದರೆ ಹೃದಯದ ಸ್ಕ್ಯಾನಿಂಗ್. ಗರ್ಭಿಣಿಯರಿಗೆ ಮಾಡುವಂಥದ್ದೇ ಶಬ್ದದ ಅಲೆ, ಎಕ್ಸ್‌ರೇ ಅಲ್ಲ, ನೋವಿಲ್ಲ. ಕವಾಟ ಸರಿಯಾಗಿ ಮುಚ್ಚುತ್ತಿದೆಯಾ, ಪಂಪಿಂಗ್ ಎಷ್ಟಿದೆ ಅಂತ ತಿಳಿಯುತ್ತದೆ. ಆದರೆ ರಕ್ತನಾಳದ ಬ್ಲಾಕ್ ಇದರಲ್ಲಿ ನೇರವಾಗಿ ಕಾಣುವುದಿಲ್ಲ. ಅದಕ್ಕೆ ಆಂಜಿಯೋಗ್ರಾಂ ಬೇರೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಎದೆ ಹಿಂಡಿದಂತಾಗಿ ಬೆವರಿದರೆ, ಅಥವಾ ಪ್ರಜ್ಞೆ ತಪ್ಪಿ ಬಿದ್ದರೆ, ಹೋಲ್ಟರ್ ತಾರೀಕಿಗೆ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಆಗ ಮೊದಲ ಇಸಿಜಿ ನಾರ್ಮಲ್ ಬಂದರೂ ಮನೆಗೆ ಹೊರಡಬೇಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಸಿಜಿ ತೆಗೆಯುತ್ತಾರೆ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತಿಳಿಯಲು ಟ್ರೋಪೋನಿನ್ ಅಂತ ರಕ್ತಪರೀಕ್ಷೆಯನ್ನೂ ಮಾಡುತ್ತಾರೆ.